ಟ್ಯಾಪ್, ರೈಲು, ಹಿಮ, ಮೂರಕ್ಕೂ ಒಂದೇ ನೆಲ: ‘ವೈಟ್ ಕ್ರಿಸ್‌ಮಸ್’ ರಂಗಕೆಲಸದ ದಿನಚರಿ

ಪ್ರದರ್ಶನಕ್ಕೆ 8 ವಾರ

ಈ ಡಿಸೆಂಬರಿಗೆ ಕೈಗೆತ್ತಿಕೊಂಡಿರುವುದು ಅಮೆರಿಕದ ಗೀತಕಾರ ಅರ್ವಿಂಗ್ ಬರ್ಲಿನ್ ಹಾಡುಗಳ ಸಂಗೀತ ನಾಟಕ ‘ವೈಟ್ ಕ್ರಿಸ್‌ಮಸ್’. ಸೈನ್ಯದಿಂದ ಬಂದ ಇಬ್ಬರು ಗಾಯಕರು ಇಬ್ಬರು ಗಾಯಕಿಯರ ಜೊತೆ ವರ್ಮಾಂಟಿನ ಹೋಟೆಲೊಂದರ ಕಣಜದಲ್ಲಿ ಕಾರ್ಯಕ್ರಮ ಕೊಡುವ ಕಥೆ. 1954ರ ಸಿನಿಮಾವನ್ನು ರಂಗಕ್ಕೆ ಬರೆದವರು ಡೇವಿಡ್ ಐವ್ಸ್ ಮತ್ತು ಪಾಲ್ ಬ್ಲೇಕ್. 2004ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, 2008ರಲ್ಲಿ ನ್ಯೂಯಾರ್ಕಿನ ರಂಗಕೇಂದ್ರ ಬ್ರಾಡ್‌ವೇಯ ಮಾರ್ಕ್ವಿಸ್ ಥಿಯೇಟರ್. ಆಮೇಲೆ ಅಮೆರಿಕದ ಊರೂರುಗಳ ತಂಡಗಳೂ ಇದನ್ನು ಆಡುತ್ತಾ ಬಂದಿವೆ. ನಮ್ಮ ರಂಗ 36 ಅಡಿ ಅಗಲ, 28 ಅಡಿ ಆಳ. ಪರದೆಗಳನ್ನು ಕೈಯಲ್ಲೇ ಹಗ್ಗ ಎಳೆದು ಏರಿಸಿ ಇಳಿಸಬೇಕು.

ಈ ನಾಟಕ ಕೈಕೊಡುವುದು ಹಾಡಿನಲ್ಲಲ್ಲ, ನೆಲದಲ್ಲಿ. ಅಡಿಗೆ ತಗಡು ಹೊಡೆದ ಶೂ ತೊಟ್ಟು ತಾಳ ಬಡಿಯುವ ಟ್ಯಾಪ್ ನೃತ್ಯಕ್ಕೆ ಗಟ್ಟಿಯಾದ, ಒಣಗಿದ, ಸಂದಿಲ್ಲದ ನೆಲ ಬೇಕು. ಅದರ ಮೇಲೆಯೇ ರೈಲಿನ ಬಂಡಿ ಉರುಳಬೇಕು. ಕೊನೆಗೆ ಹಿಮವೂ ಬೀಳಬೇಕು. ಹಾಗಾಗಿ ಸೆಟ್ಟಿನ ನಕ್ಷೆಗಿಂತ ಮೊದಲು ನೆಲದ ನಕ್ಷೆ ಬರೆದದ್ದಾಯಿತು.

7 ವಾರ: ನೆಲ

ಈಗಿರುವ ಪ್ಲೈವುಡ್ ರಂಗದ ಮೇಲೆ ಕಾಲಿಂಚು ದಪ್ಪದ ಹಾರ್ಡ್‌ಬೋರ್ಡ್. ಹಾಳೆ 4×8 ಅಡಿಯದು. ಉದ್ದವನ್ನು ರಂಗದ ಅಗಲಕ್ಕೆ ಹಾಸಿದರೆ ಒಂದು ಸಾಲಿಗೆ ನಾಲ್ಕೂವರೆ ಹಾಳೆ, ಒಟ್ಟು ಏಳು ಸಾಲು. ಅಲ್ಲಿಗೆ 32 ಹಾಳೆ, ಮೇಲೆ 4 ಹೆಚ್ಚುವರಿ. ಆ ಅರ್ಧ ಹಾಳೆಯನ್ನು ಒಂದು ಸಾಲಿನಲ್ಲಿ ಎಡಕ್ಕೆ, ಮುಂದಿನದರಲ್ಲಿ ಬಲಕ್ಕೆ ಇಟ್ಟರೆ ಸಂದಿಗಳು ತಾವಾಗಿಯೇ ತಪ್ಪಿತಪ್ಪಿ ಬೀಳುತ್ತವೆ, ಉದ್ದಕ್ಕೂ ಒಂದೇ ಗೀರು ಉಳಿಯುವುದಿಲ್ಲ.

ಹಾಳೆಗಳನ್ನು ಎರಡು ದಿನ ರಂಗದ ಮೇಲೆಯೇ ಬಿಡಿಯಾಗಿ ನಿಲ್ಲಿಸಿಟ್ಟು ಆಮೇಲೆ ಹೊಡೆಯಬೇಕು. ಚಳಿಗಾಲದ ಹೀಟರ್ ಗಾಳಿಗೆ ಹಾರ್ಡ್‌ಬೋರ್ಡ್ ಕುಗ್ಗುತ್ತದೆ, ಮಳೆ ಬಂದ ವಾರ ಹಿಗ್ಗುತ್ತದೆ. ಅಂಚಿಗೆ ಅಂಚು ಒತ್ತಿ ಕೂರಿಸಿದರೆ ಹಿಗ್ಗಿದಾಗ ಸಂದಿ ಗುಡಾರದಂತೆ ಮೇಲೇಳುತ್ತದೆ, ಶೂ ಮೂತಿ ಅಲ್ಲಿಗೇ ಸಿಕ್ಕಿಕೊಳ್ಳುತ್ತದೆ. ಸುಮಾರು ಒಂದೂವರೆ ಮಿಲಿಮೀಟರ್ ಬಿಟ್ಟಿದೆ. ಸ್ಕ್ರೂ ತಲೆಗಳು ಹಲಗೆಯ ಒಳಗೆ ಮುಳುಗಿರಲೇಬೇಕು.

ಬಣ್ಣ ಮ್ಯಾಟ್. ನೆಲ ಜಾರಿದರೆ ಕೋಲಾ ಬೆರೆಸಿದ ನೀರಿನಲ್ಲಿ ಒರೆಸುವುದು ರಂಗದವರ ಹಳೆಯ ಉಪಾಯ. ಇಲ್ಲಿ ಬೇಡ. ಸಕ್ಕರೆ ಅಂಟಿಗೆ ಹಿಮವೆಂದು ಉದುರಿಸುವ ಕಾಗದದ ಚೂರುಗಳು ಕಚ್ಚಿಕೊಂಡರೆ ಪೊರಕೆಗೆ ಬಗ್ಗುವುದಿಲ್ಲ.

5 ವಾರ: ರೈಲು

ಬೆಚ್ಚಗಿನ ಫ್ಲೋರಿಡಾ ಅಂದುಕೊಂಡು ಹಿಮದ ವರ್ಮಾಂಟ್ ಕಡೆಗೆ ರೈಲಿನಲ್ಲಿ ಹೊರಡುವ ದೃಶ್ಯ. 4×8 ಅಡಿಯ ಎರಡು ಬಂಡಿ, ಪ್ರತಿಯೊಂದಕ್ಕೂ ಆರು ಚಕ್ರ. ಬಂಡಿ, ಬೆಂಚು, ನಾಲ್ವರು ನಟರು ಸೇರಿ ಅಂದಾಜು 410 ಕಿಲೊ, ಅಂದರೆ ಚಕ್ರಕ್ಕೆ ಸುಮಾರು 70. ಇದು ಕಾಗದದ ಲೆಕ್ಕ. ನೆಲ ತುಸು ತಗ್ಗಿದ್ದಲ್ಲಿ ಒಂದು ಚಕ್ರ ಗಾಳಿಯಲ್ಲಿರುತ್ತದೆ, ಪಕ್ಕದ್ದರ ಮೇಲೆ ಅದರ ಪಾಲೂ ಬೀಳುತ್ತದೆ. ಗಟ್ಟಿ ನೈಲಾನ್ ಚಕ್ರ ಹಾಕಿ ನೋಡಿದಾಗ ಹಾರ್ಡ್‌ಬೋರ್ಡಿನಲ್ಲಿ ಗಾಡಿದಾರಿಯೇ ಮೂಡಿತು. 4 ಇಂಚಿನ ಪಾಲಿಯುರೆಥೇನ್ ಚಕ್ರಕ್ಕೆ ಬದಲಾಯಿಸಿದ್ದಾಗಿದೆ. ಬಂಡಿ ನಿಲ್ಲಿಸಲು ನೆಲಕ್ಕೆ ತೂತು ಕೊರೆದು ಸರಳು ಇಳಿಸುವಂತಿಲ್ಲ, ಆ ತೂತಿಗೆ ಯಾರದೋ ಹಿಮ್ಮಡಿ ಸಿಗುತ್ತದೆ. ರಬ್ಬರಿನ ಅಡೆ ಸಾಕು.

ಕಿಟಕಿಯಾಚೆಯ ಹಿಮಕ್ಕೆ ಬೆಳಕು ಮಾತ್ರ, ಚೂರು ಬೇಡ. ಮೊದಲ ಅಂಕ ‘ಬ್ಲೂ ಸ್ಕೈಸ್’ ನೃತ್ಯದಲ್ಲಿ ಮುಗಿಯುತ್ತದೆ, ಎರಡನೆಯದು ‘ಐ ಲವ್ ಎ ಪಿಯಾನೊ’ ಟ್ಯಾಪ್‌ನಿಂದಲೇ ಶುರು. ನಡುವಿನ 15 ನಿಮಿಷದಲ್ಲಿ ರಂಗವನ್ನು ಚೂರೂ ಉಳಿಯದಂತೆ ಗುಡಿಸಲಾಗದು. ತಗಡಿನ ಅಡಿ ಒಂದೇ ಒಂದು ಚೂರು ಸಿಕ್ಕರೂ ಕಾಲು ಜಾರುತ್ತದೆ.

3 ವಾರ: ಉಡುಪು

1944ರ ಯುದ್ಧಭೂಮಿಯಿಂದ 1954ರ ಟಿವಿ ಕಾರ್ಯಕ್ರಮಕ್ಕೆ ಜಿಗಿತ. ಸೈನಿಕರ ಕೋಟಿನೊಳಗೆ ಬೋ ಟೈ ಹೊಲಿದ ಬಿಳಿ ಅಂಗಿ ಮೊದಲೇ ಇರುತ್ತದೆ. ಕೋಟಿಗೆ ಟಿಚ್ ಬಟನ್. ವೆಲ್ಕ್ರೊ ಹಾಕಿದರೆ ಕಿತ್ತ ಸದ್ದು ಎದೆಯ ಮೈಕಿನಲ್ಲಿ ಸಭಾಂಗಣಕ್ಕೆಲ್ಲ ಕೇಳುತ್ತದೆ. ತಡವಾಗುವುದು ಬೂಟಿನಲ್ಲಿ, ಅದಕ್ಕೇ ಲೇಸಿನ ಬದಲು ಎಲಾಸ್ಟಿಕ್.

2 ವಾರ: ಹಿಮದ ಜೋಳಿಗೆ

ಕೊನೆಯಲ್ಲಿ ಕಣಜದ ಬಾಗಿಲು ತೆರೆದು ಹಿಮ ಕಾಣಬೇಕು. ಅದರ ಬೆನ್ನಿಗೇ ಎಲ್ಲರೂ ಕುಣಿಯುವ ಹಾಡು ಇದೆ. ಆದ್ದರಿಂದ ಹಿಮ ಬೀಳುವುದು ಬಾಗಿಲಾಚೆಯ 6 ಅಡಿ ಪಟ್ಟಿಯಲ್ಲಿ ಮಾತ್ರ, ಕುಣಿತ ಈಚೆಗೆ.

ಜೋಳಿಗೆ ಅಂದರೆ ಎರಡು ಕೊಳವೆಗಳ ನಡುವೆ ತೊಟ್ಟಿಲಿನಂತೆ ತೂಗುವ ಬಟ್ಟೆ. ಒಂದು ಕೊಳವೆ ಅಲ್ಲಾಡದು, ಇನ್ನೊಂದು ಏರಿಳಿಯುತ್ತದೆ. ಸೀಳುಗಳು ಏರಿಳಿಯುವ ಕೊಳವೆಯ ಬದಿಗೆ ಮಾತ್ರ: ಒಂದೂವರೆ ಇಂಚು ಉದ್ದ, 6 ಇಂಚಿಗೊಂದು. ಆ ಕೊಳವೆ ಮೇಲಿದ್ದಾಗ ಚೂರುಗಳು ಸೀಳಿಲ್ಲದ ಬದಿಯಲ್ಲಿ ಕೂತಿರುತ್ತವೆ. ಇಳಿಸಿದರೆ ತೊಟ್ಟಿಲಿನ ತಳವೇ ಸೀಳಿನ ಕಡೆಗೆ ಸರಿಯುತ್ತದೆ. ಆಮೇಲೆ ಮೆಲ್ಲಗೆ ತೂಗುವುದಷ್ಟೇ ಕೆಲಸ. ಜೋರಾಗಿ ಜಗ್ಗಿದರೆ ಹಿಮ ಹೋಗಿ ಮುದ್ದೆ ಬೀಳುತ್ತದೆ.

ಬೆಂಕಿ ಹಿಡಿಯದಂತೆ ಸಂಸ್ಕರಿಸಿದ ಕಾಗದದ ಚೂರು, ಒಂದು ಆಟಕ್ಕೆ ಮೂರು ಬಕೆಟ್. ತುಂಬುವ ಮುನ್ನ ಕೈಯಲ್ಲಿ ಉದುರಿಸಿ ಬಿಡಿಸಬೇಕು. 18 ಅಡಿ ಎತ್ತರದಿಂದ ಮೊದಲ ಚೂರು ನೆಲ ಮುಟ್ಟಲು ಆರು ಸೆಕೆಂಡು ಬೇಕಾಯಿತು. ಬಾಗಿಲು ತೆರೆಯುವ ಸೂಚನೆಗೆ ಆರು ಸೆಕೆಂಡು ಮೊದಲೇ ಹಿಮದ ಸೂಚನೆ ಹೋಗಬೇಕು, ಇಲ್ಲವಾದರೆ ಬಾಗಿಲಾಚೆ ಬರೀ ಪರದೆ.

ಕೊನೆಯ ವಾರ

ಮೂರು ತೊಂದರೆ. ಪಕ್ಕದ ಪರದೆ ಏರಿದಾಗಲೆಲ್ಲ ಜೋಳಿಗೆಗೆ ತಾಗಿ ಹೋಟೆಲಿನ ಒಳಾಂಗಣದಲ್ಲಿ ಹಿಮ ಉದುರುತ್ತಿತ್ತು. ನಡುವೆ ಪರದೆ ತೂಗುಹಾಕುವ ಒಂದು ಕೊಳವೆ ಖಾಲಿ ಬಿಟ್ಟದ್ದರಿಂದ ನಿಂತಿತು. ಹೀಟರ್ ಗಾಳಿ ಚೂರುಗಳನ್ನು ಬಾಗಿಲಿನ ಈಚೆಗೆ ತರುತ್ತಿತ್ತು, ಕೊನೆಯ ದೃಶ್ಯದಲ್ಲಿ ಫ್ಯಾನ್ ಬಂದ್. ಮೂರನೆಯದು ಪ್ರೇಕ್ಷಕರ ಮೇಲೆ ನೊರೆಹಿಮ ಬೀಳಿಸುವ ಯಂತ್ರ. ಅದು ಸಾಬೂನಿನಂಥ ದ್ರವ, ಕರಗಿದ ಮೇಲೆ ತೇವ ಉಳಿಸುತ್ತದೆ, ಮೇಲಾಗಿ ಬ್ಲೋವರಿನ ಗದ್ದಲ. ಕುಣಿತ ಮುಗಿದು ಎಲ್ಲರೂ ನಿಂತ ಮೇಲೆಯೇ, ವಾದ್ಯಗಳ ಅಬ್ಬರದಲ್ಲಿ ಚಾಲೂ ಮಾಡುವುದು. ವಾದ್ಯದವರ ಕಡೆಗೆ ಮೂತಿ ತಿರುಗಿಸಬಾರದು. ಮಕ್ಕಳಿಗೆ ಇಷ್ಟವಾಗುವುದು ಇದೇ, ಅದಕ್ಕೇ ಉಳಿಸಿಕೊಂಡಿದ್ದೇವೆ.

ನಾಲ್ಕನೆಯ ಆಟದ ನಂತರ

ಗುಡಿಸಿದ ಹಿಮವನ್ನು ಮತ್ತೆ ಜೋಳಿಗೆಗೆ ಹಾಕುವುದಿಲ್ಲ. ಜರಡಿ ಹಿಡಿದಾಗ ಸಿಕ್ಕಿದ್ದು: ಹೇರ್‌ಪಿನ್, ಮಿಂಚುಮಣಿ, ಎರಡು ಸ್ಕ್ರೂ. 18 ಅಡಿಯಿಂದ ಸ್ಕ್ರೂ ಬಿದ್ದರೆ ತಮಾಷೆಯಲ್ಲ. ಆ ಸ್ಕ್ರೂಗಳು ಶೂಗಳವು. 16 ನರ್ತಕರು, ಶೂಗೆ ಎರಡು ತಗಡು, ತಗಡಿಗೆ ಮೂರು ಸ್ಕ್ರೂ, ಒಟ್ಟು 192. ಆಟಕ್ಕೆ ಅರ್ಧ ಗಂಟೆ ಮೊದಲು ಅವರವರ ಶೂ ಅವರೇ ತಿರುಚಿ ನೋಡುವ ಪದ್ಧತಿ ಈಗ ಶುರುವಾಗಿದೆ.

ಐದನೆಯ ಸಾಲಿನ ಎಡ ಅಂಚಿನ ಅರ್ಧ ಹಾಳೆ ಮೂಲೆಯಲ್ಲಿ ಎದ್ದಿದೆ. ಶನಿವಾರ ಮಧ್ಯಾಹ್ನದ ಆಟಕ್ಕೆ ಮುಂಚೆ ಹೆಚ್ಚುವರಿ ಹಾಳೆಯಿಂದ ಕತ್ತರಿಸಿ ಬದಲಾಯಿಸಬೇಕು. ಬಣ್ಣ ಒಣಗಲು ಶುಕ್ರವಾರ ರಾತ್ರಿಯೇ ಬೇಕು.