ತಟ್ಟೆಯ ಹಾಲು, ಟೋಕೈಮುರದ ಬಕೆಟ್

ಲೋಟದ ಹಾಲು ಬಿಸಿಯೆಂದು ಮಗಳ ತಕರಾರು. ಶಾಲೆಯ ವ್ಯಾನ್ ಬರುವ ಹೊತ್ತು. ಅಗಲದ ತಟ್ಟೆಗೆ ಸುರಿದುಕೊಟ್ಟೆ. ಎರಡೇ ನಿಮಿಷಕ್ಕೆ ಆರಿತು.

ಹಾಲು ಅಷ್ಟೇ ಇತ್ತು. ಬದಲಾದದ್ದು ಪಾತ್ರೆ.

ಮನಸ್ಸು ಎಲ್ಲಿಂದ ಎಲ್ಲಿಗೋ ಹಾರಿ ಜಪಾನಿನ ಟೋಕೈಮುರದಲ್ಲಿ ಇಳಿಯಿತು. (ನನ್ನ ಕಾಫಿ ಇನ್ನೂ ಆಗಿರಲಿಲ್ಲ.)

1999ರ ಸೆಪ್ಟೆಂಬರ್ 30. ಯುರೇನಿಯಂ ದ್ರಾವಣ ತಯಾರಿಸುವ ಘಟಕ. ಅಲ್ಲಿ ಉದ್ದನೆಯ, ಸಪೂರವಾದ ಪಾತ್ರೆಯೊಂದಿತ್ತು. ಸಪೂರವಾಗಿದ್ದರೆ ಯುರೇನಿಯಂ ಪರಮಾಣು ಒಡೆದಾಗ ಸಿಡಿಯುವ ನ್ಯೂಟ್ರಾನ್ ಕಣಗಳು ಬದಿಗಳಿಂದ ಸೋರಿಹೋಗುತ್ತವೆ, ಒಂದು ಪರಮಾಣು ಒಡೆದು ಇನ್ನೊಂದನ್ನು ಒಡೆಯುವ ಸರಪಳಿ ಕ್ರಿಯೆ ಹತ್ತಿಕೊಳ್ಳುವುದಿಲ್ಲ. ಆದರೆ ಕೆಲಸ ಬೇಗ ಮುಗಿಯಬೇಕಿತ್ತಲ್ಲ! ಸ್ಟೀಲ್ ಬಕೆಟ್‌ನಲ್ಲಿ ಕರಗಿಸಿ, ಆಲಿಕೆ ಇಟ್ಟು, ದಪ್ಪ ಹೊಟ್ಟೆಯ ತೊಟ್ಟಿಗೇ ಸುರಿದರು. ಮಿತಿ ಇದ್ದದ್ದು 2.4 ಕಿಲೋ ಯುರೇನಿಯಂ. ಏಳನೆಯ ಬಕೆಟ್ ಸುರಿಯುವಾಗ ಒಳಗೆ ಸುಮಾರು 16 ಕಿಲೋ ಸೇರಿತ್ತು.

ನೀಲಿ ಬೆಳಕು ಮಿಂಚಿತು. ಸರಪಳಿ ಕ್ರಿಯೆ ಹತ್ತಿಕೊಂಡಿತ್ತು. ವಿಕಿರಣಕ್ಕೆ ಸಿಕ್ಕ ಇಬ್ಬರು ಕೆಲಸಗಾರರು ತಿಂಗಳುಗಟ್ಟಲೆ ನರಳಿ ಸತ್ತರು.

ನನ್ನನ್ನು ಕಾಡುವುದು ಮಾತ್ರ ಆ ತೊಟ್ಟಿಯ ಸುತ್ತಲಿನ ನೀರಿನ ಕವಚ. ತಂಪು ಮಾಡಲೆಂದು ಇಟ್ಟ ನೀರು. ತಪ್ಪಿಸಿಕೊಳ್ಳುತ್ತಿದ್ದ ನ್ಯೂಟ್ರಾನ್‌ಗಳನ್ನು ಅದೇ ಮತ್ತೆ ಒಳಕ್ಕೆ ತಳ್ಳುತ್ತಿತ್ತು. ಹೀಗೆ ಸುಮಾರು 20 ಗಂಟೆ. ಕೊನೆಗೆ ಸಿಬ್ಬಂದಿ ಸರದಿಯ ಮೇಲೆ ಓಡಿಹೋಗಿ, ಕೊಳವೆ ಒಡೆದು ಆ ನೀರನ್ನು ಹೊರಬಿಟ್ಟರು. ಕ್ರಿಯೆ ನಿಂತಿತು. ನ್ಯೂಟ್ರಾನ್‌ಗಳನ್ನು ಹೀರಿಕೊಳ್ಳುವ ಬೋರಿಕ್ ಆಮ್ಲ ಸುರಿದದ್ದು ಆಮೇಲೆ.

ಪಾತ್ರೆಯ ಆಕಾರ, ಪಕ್ಕದಲ್ಲಿ ನೀರು. ಅಡುಗೆಮನೆಯಲ್ಲಿ ಇವನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ?

ವ್ಯಾನ್ ಹಾರನ್ ಹೊಡೆಯಿತು. ತಟ್ಟೆಯಲ್ಲಿ ಕೆನೆ ಹಾಗೆಯೇ ಉಳಿದಿದೆ, ಅವಳಿಗೆ ಕೆನೆ ಆಗುವುದಿಲ್ಲ.