ಮೂರಿಂಚಿನ ಕಾಲಿಗೆ ಮರ ಹುಡುಕಿದ್ದು

ಮೇಜಿಗೆ ನಾಲ್ಕು ಕಾಲು ಬೇಕಿತ್ತು. ಮೂರಿಂಚು ಚೌಕ, ಒಂದೊಂದು ಕಾಲೂ ಇಡೀ ಮರದ್ದು. ಅಂಟು ಹಾಕಿ ಜೋಡಿಸಿದ್ದು ಬೇಡ ಅನ್ನೋ ಹಟ ನನಗೆ. ಮೇಲಿನ ಹಲಗೆಗೆ ಒಂದಿಂಚಿನ ತೇಗ ಸಲೀಸಾಗಿ ಸಿಕ್ಕಿತ್ತು. ಕಾಲಿನ ಮರವೂ ಹಾಗೇ ಸಿಗುತ್ತದೆ ಅಂದುಕೊಂಡೆ.

ಮೊದಲ ಎರಡು ಕಡೆ ಎರಡಿಂಚಿಗಿಂತ ದಪ್ಪದ ಮರ ಇರಲೇ ಇಲ್ಲ. ಮೂರನೆಯ ಕಡೆ ಮೂರೂವರೆ ಇಂಚಿನ ತೊಲೆಗಳಿದ್ದವು. ನನಗೆ ಬೇಕಿದ್ದದ್ದೂ ಅಷ್ಟೇ. ಸೊಟ್ಟ ತಿದ್ದಿ ನಾಲ್ಕೂ ಬದಿ ಕೀಸುವಷ್ಟರಲ್ಲಿ ಅರ್ಧ ಇಂಚು ಪುಡಿಯಾಗಿ ಹೋಗುತ್ತದೆ.

“ಪೂರ್ತಿ ಒಣಗಿದೆ ಸಾರ್, ಎರಡು ವರ್ಷದಿಂದ ಇಲ್ಲೇ ಇದೆ” ಅಂದರು ಅಂಗಡಿಯವರು. ತೇವಾಂಶ ನೋಡುವ ಮೀಟರ್ ನನ್ನ ಹತ್ತಿರ ಇತ್ತು. ತುದಿಯಲ್ಲಿ ಚುಚ್ಚಿದೆ. ಶೇಕಡಾ 12 ತೋರಿಸಿತು. ಖುಷಿಯಾಗಿ ಹೊತ್ತು ತಂದೆ.

ಮನೆಯಲ್ಲಿ ಕೊಯ್ಯುವಾಗ ಅರ್ಧ ದಾರಿಯಲ್ಲಿ ಸೀಳು ಮುಚ್ಚಿಕೊಂಡು ಗರಗಸವನ್ನು ಹಿಡಿದುಬಿಟ್ಟಿತು. ಮರದೊಳಗೆ ಎಳೆತ ಇದೆ ಅಂತ ಆಗಲೇ ಅನುಮಾನ ಬಂತು. ಬೆಣೆ ಹೊಡೆದು ಹೇಗೋ ತುಂಡು ಮಾಡಿ, ಹೊಸ ಕೊಯ್ತದ ನಟ್ಟನಡುವೆ ಮೀಟರ್ ಚುಚ್ಚಿದರೆ 24! ಮುಟ್ಟಿದರೆ ತಣ್ಣಗಿತ್ತು ಬೇರೆ.

ತಪ್ಪು ನನ್ನದೂ ಇತ್ತು ಬಿಡಿ. ಮೀಟರಿನ ಮುಳ್ಳು ಇಳಿಯುವುದೇ ಕೆಲವು ಮಿಲಿಮೀಟರ್. ಮರದ ನೀರು ಬದಿಗಳಿಗಿಂತ ತುದಿಯಿಂದ ಎಷ್ಟೋ ಪಟ್ಟು ಬೇಗ ಹೋಗುತ್ತದೆ. ಅಂದರೆ ಇಡೀ ತೊಲೆಯಲ್ಲಿ ಎಲ್ಲಕ್ಕಿಂತ ಒಣಗಿದ ಜಾಗವನ್ನೇ ಹುಡುಕಿ ಚುಚ್ಚಿದ್ದೆ. ಗಾಳಿಯಲ್ಲಿ ಒಣಗಲು ಇಂಚಿಗೆ ಒಂದು ವರ್ಷ ಅಂತ ಬಡಗಿಗಳ ಲೆಕ್ಕ. ಆದರೆ ದಪ್ಪ ಎರಡು ಪಟ್ಟಾದರೆ ಸಮಯ ಎರಡು ಪಟ್ಟಿಗಿಂತ ಜಾಸ್ತಿಯೇ ಬೇಕು. ಹಾಗಂತ ಬಿಸಿ ಕೋಣೆಯಲ್ಲಿಟ್ಟು ಅವಸರ ಮಾಡಿದರೆ, ಮೇಲೆ ನೋಡಲು ಚೆನ್ನಾಗಿದ್ದೂ ಒಳಗೆ ಜೇನುಗೂಡಿನ ಹಾಗೆ ಸೀಳು ಬಿಡಬಹುದು. ದಪ್ಪ ಮರ ಇಟ್ಟುಕೊಳ್ಳಲು ಅಂಗಡಿಯವರು ಯಾಕೆ ಹಿಂಜರಿಯುತ್ತಾರೆ ಅಂತ ಆಮೇಲೆ ಅರ್ಥವಾಯಿತು.

ಕೊನೆಗೆ ಕೆಡವಿದ ಕಟ್ಟಡದ ಹಳೇ ತೊಲೆ ಒಂದು ಸಿಕ್ಕಿತು. ಈ ಸಲ ತುದಿಯಿಂದ ಒಂದಡಿ ಕೊಯ್ಯಿಸಿ ನಡುವೆ ಚುಚ್ಚಿ ನೋಡಿದೆ. ಮಾರುವವರು ಮುಖ ಸಿಂಡರಿಸಿದರು. ಆ ಒಂದಡಿಗೂ ದುಡ್ಡು ಕೊಡುತ್ತೇನೆ ಅಂದಮೇಲೆ ಸುಮ್ಮನಾದರು. 11 ಬಂತು. ಮೊಳೆಗಳನ್ನು ಕಿತ್ತಿದ್ದೇನೆ ಅಂದುಕೊಂಡು ಕೀಸಲು ಕೂತೆ. ತಲೆ ಮುರಿದು ಒಳಗೇ ಉಳಿದಿದ್ದ ಒಂದು ಮೊಳೆ ಕೀಸುಳಿಯ ಅಲಗು ತಿಂದಿತು. ಲೋಹ ಪತ್ತೆ ಮಾಡುವ ಉಪಕರಣ ಆಮೇಲೆ ಕೊಂಡೆ. ಬುದ್ಧಿ ಬರೋದು ಯಾವಾಗಲೂ ಹಾಗೇ ಅಲ್ವಾ?

ತೊಲೆಯಲ್ಲಿ ಮೂರೇ ಕಾಲು ಎದ್ದವು. ಉಳಿದ ಭಾಗದಲ್ಲಿ ಮರದ ನಡುತಿರುಳು ಹಾದುಹೋಗಿ, ಅದರ ಸುತ್ತ ಸೀಳು ಬಿಟ್ಟಿತ್ತು. ನಾಲ್ಕನೆಯ ಕಾಲನ್ನು ಎರಡಿಂಚಿನ ಹಲಗೆಯಿಂದಲೇ ಮಾಡಿದೆ. ಒಂದೇ ಹಲಗೆಯ ಅಕ್ಕಪಕ್ಕದ ಎರಡು ತುಂಡು ಕೀಸಿ, ಅಂಟು ಹಾಕಿ ಬಿಗಿದೆ. ಮನೆಗೆ ಬಂದವರಿಗೆ ಅದು ಯಾವ ಕಾಲು ಅಂತ ಗುರುತಿಸಲು ಇನ್ನೂ ಆಗಿಲ್ಲ. ನಾನೂ ಒಮ್ಮೊಮ್ಮೆ ಬಗ್ಗಿ ನೋಡಬೇಕು.

ಆ ಹಸಿ ತುಂಡುಗಳು ಮೆಟ್ಟಿಲ ಕೆಳಗಿವೆ. ತುದಿಗಳಿಗೆ ದಪ್ಪಗೆ ಬಣ್ಣ ಬಳಿದು, ನಡುವೆ ರೀಪು ಕೊಟ್ಟು ಪೇರಿಸಿದ್ದೇನೆ. ಒಂದರ ಮೇಲೆ ಪೆನ್ಸಿಲಿನಲ್ಲಿ ಬರೆದ ಮೊದಲ ತೂಕ 4 ಕಿಲೋ 600 ಗ್ರಾಂ. ತಿಂಗಳಿಗೊಮ್ಮೆ ತೂಗುತ್ತೇನೆ. ಹೋದ ತಿಂಗಳೂ 30 ಗ್ರಾಂ ಇಳಿದಿತ್ತು.