ಕ್ಟೆಸಿಬಿಯಸ್‌ನ ನೀರಿನ ಗಡಿಯಾರ

ತಳಕ್ಕೆ ತೂತು ಕೊರೆದ ಪಾತ್ರೆಯನ್ನು ಗಡಿಯಾರ ಮಾಡಲು ಹೊರಟರೆ ಮೊದಲ ತೊಡಕು ನೀರಿನ ವೇಗ. ನೀರಿನ ಮಟ್ಟ 40 ಸೆಂ.ಮೀ.ನಿಂದ 10ಕ್ಕೆ ಇಳಿದಾಗ ತೂತಿನಿಂದ ಹೊರಬೀಳುವ ವೇಗ ಅರ್ಧಕ್ಕೆ ಇಳಿಯುತ್ತದೆ. ಮಟ್ಟ ಇಳಿದಂತೆ ತಳದ ಒತ್ತಡವೂ ಇಳಿಯುತ್ತದಲ್ಲ! ಹಾಗಾಗಿ ಸಮ ಅಂತರದ ಗೆರೆ ಹಾಕಿದರೆ ಸಮಯ ತಪ್ಪುತ್ತದೆ.

ಕ್ರಿ.ಪೂ. 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಕ್ಷೌರಿಕನ ಮಗ ಕ್ಟೆಸಿಬಿಯಸ್ ಲೆಕ್ಕವನ್ನೇ ತಿರುಗಿಸಿದ. ಖಾಲಿಯಾಗುವ ಪಾತ್ರೆಯನ್ನಲ್ಲ, ತುಂಬುವ ಪಾತ್ರೆಯನ್ನು ಅಳೆಯುವುದು. ಮೇಲಿನ ಪಾತ್ರೆ ಸದಾ ಒಂದೇ ಮಟ್ಟದಲ್ಲಿದ್ದರೆ ಧಾರೆಯೂ ಒಂದೇ ಸಮ. ಕೆಳಗಿನ ಪಾತ್ರೆಯಲ್ಲಿ ತೇಲುವ ಬೆಂಡು, ಅದಕ್ಕೊಂದು ಕಡ್ಡಿ, ಕಡ್ಡಿಯ ತುದಿಯ ಗೊಂಬೆ ಪಕ್ಕದ ಕಂಬದ ಗೆರೆಗಳ ಮೇಲೆ ಗಂಟೆ ತೋರಿಸುತ್ತದೆ.

ನನಗೆ ಅಚ್ಚುಮೆಚ್ಚು ಧಾರೆ ಬೀಳುವ ಆ ತೂತು. ಅದನ್ನು ಚಿನ್ನದಲ್ಲೋ ಕೊರೆದ ರತ್ನದಲ್ಲೋ ಮಾಡಿದನೆಂದು ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಬರೆದಿದ್ದಾನೆ. ಇದು ಆಡಂಬರವಲ್ಲ. ಬೇರೆ ಲೋಹವಾದರೆ ಕಿಲುಬು ಹಿಡಿದು ತೂತು ಕಿರಿದಾಗುತ್ತದೆ, ಸವೆದರೆ ಹಿರಿದಾಗುತ್ತದೆ. ಕೂದಲೆಳೆಯಷ್ಟು ವ್ಯತ್ಯಾಸವಾದರೂ ದಿನದ ಕೊನೆಗೆ ಲೆಕ್ಕ ಎಲ್ಲಿಗೋ ಹೋಗಿರುತ್ತದೆ.

ಇನ್ನೊಂದು ಫಜೀತಿ: ಅಂದಿನ ಬಳಕೆಯಲ್ಲಿ ಹಗಲು ಯಾವ ಕಾಲದಲ್ಲೂ 12 ಗಂಟೆಯೇ. ಅಲೆಕ್ಸಾಂಡ್ರಿಯಾದಲ್ಲಿ ಬೇಸಿಗೆಯ ಒಂದು ಗಂಟೆ ಇಂದಿನ ಸುಮಾರು 70 ನಿಮಿಷ, ಚಳಿಗಾಲದ್ದು ಸುಮಾರು 50. ಅದಕ್ಕೇ ಕಂಬದ ಮೇಲೆ ತಿಂಗಳಿಗೆ ತಕ್ಕಂತೆ ಬದಲಾಗುವ ಗೆರೆಗಳು. ಧಾರೆಯನ್ನು ಮುಟ್ಟದೆ ಗೆರೆಯನ್ನೇ ಬದಲಿಸಿದರು. ಎಷ್ಟು ಚೆಂದದ ಯೋಚನೆ!